ಗಟ್ಟಿಯಾಗಿ ಹೇಳಬೇಕಾದ ಮಾತು

ಐವತ್ತರ ದಶಕದ ಕೊನೆಯಲ್ಲಿ ಅಪ್ಪನ ಕಿವಿ ಮಂದವಾಗುತ್ತ ಬಂತು. ಭದ್ರಾವತಿಯ ನ್ಯೂ ಟೌನ್‌ನಲ್ಲಿ, ನಮ್ಮ ಕ್ವಾರ್ಟರ್ಸಿನ ಹಾಲಿನಲ್ಲಿ ಪ್ರತಿ ಶನಿವಾರ ಭಜನೆ. ಹಾರ್ಮೋನಿಯಂ ಹಿಡಿದು ಮೊದಲು ಹೇಳಿಕೊಡುವವರು ಅಪ್ಪ. ಕಿವಿ ಹೋದ ಹಾಗೆ ಶ್ರುತಿಯೂ ಹೋಯಿತು. ಅವರು ಒಂದು ದಾರಿ, ಹಾರ್ಮೋನಿಯಂ ಒಂದು ದಾರಿ. ಅದು ಅವರೊಬ್ಬರಿಗೇ ಗೊತ್ತಿರಲಿಲ್ಲ.

ಬಂದವರು ಎದುರಿಗೆ "ಭಾಳ ಚೆನ್ನಾಗಿತ್ತು ರಾಯರೇ" ಅನ್ನುವುದು, ಕೋಸಂಬರಿ ಮುಗಿಸಿ ಗೇಟು ದಾಟಿದ ಕೂಡಲೇ ಕಿಸಕ್ಕನೆ ನಗುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಪ್ಪನೆದುರು ಎಂದೂ ದನಿ ಎತ್ತದ ಅಮ್ಮನೇ ಕಟ್ಟಬೇಕಾಯಿತು. ಇಂಥ ಮಾತನ್ನು ಮೆಲ್ಲಗೆ ಹೇಳಬೇಕು. ಮೆಲ್ಲಗೆ ಹೇಳಿದರೆ ಅವರಿಗೆ ಕೇಳುವುದಿಲ್ಲ, ಗಟ್ಟಿಯಾಗಿ ಹೇಳಿದರೆ ಇಡೀ ಕ್ವಾರ್ಟರ್ಸ್ ಸಾಲಿಗೇ ಕೇಳುತ್ತದೆ.

ಒಂದು ಭಾನುವಾರ ಅಮ್ಮ ಅಪ್ಪನನ್ನೂ ನನ್ನನ್ನೂ ಹೊಳೆಯ ದಂಡೆಗೆ ಹೊರಡಿಸಿದಳು. ಬಟ್ಟೆ ಒಗೆಯುವವರೂ ಇಲ್ಲದ ಜಾಗ ನೋಡಿ, ಅಪ್ಪನ ಕೈ ಹಿಡಿದುಕೊಂಡು ಕೂಗಿದಳು.

"ಶ್ರುತಿ ಸೇರ್ತಾ ಇಲ್ಲ ಕಣ್ರೀ! ಸಾಹಿತ್ಯ ಒಂದೂ ತಪ್ಪಲ್ಲ, ಭಕ್ತಿ ಹಂಗೇ ಇದೆ. ಶ್ರುತಿ ಮಾತ್ರ ಸೇರ್ತಾ ಇಲ್ಲ!"

ಅಪ್ಪ ಅವಳ ಬಾಯನ್ನೇ ನೋಡಿದರು. "ಯಾವಾಗಿಂದ?"

"ಯುಗಾದಿಯಿಂದ!"

"ಎಲ್ರಿಗೂ ಗೊತ್ತಾ?"

ಅಮ್ಮ ಹೌದೆಂದು ತಲೆಯಾಡಿಸಿದಳು.

"ಅಲ್ವೇ ಮಾರಾಯ್ತಿ, ಮೊದಲೇ ಹೇಳಬಾರದಿತ್ತಾ?" ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮುಂದಿನ ಶನಿವಾರ ಹಾರ್ಮೋನಿಯಂ ತಾವೇ ಎತ್ತಿ ಪಕ್ಕದ ಮನೆಯ ಮೇಷ್ಟರ ಮುಂದಿಟ್ಟು, ಹಿಂದಿನ ಸಾಲಿಗೆ ಹೋಗಿ ಕೂತರು. ತುಟಿ ಬಿಚ್ಚಲಿಲ್ಲ. ತಾಳವನ್ನಾದರೂ ಹಾಕೋಣವೆಂದು ಅಕ್ಕಪಕ್ಕದವರ ಕೈ ನೋಡಿ ನೋಡಿ ಚಪ್ಪಾಳೆ ತಟ್ಟತೊಡಗಿದರು. ಕಣ್ಣಲ್ಲಿ ನೋಡಿ ತಟ್ಟುವುದು ತಾನೇ, ಪ್ರತಿ ಸಲವೂ ಒಂದಿಷ್ಟು ಹಿಂದೆ ಬೀಳುತ್ತಿತ್ತು. ಮುಂದೆ ಕೂತಿದ್ದ ಇಬ್ಬರು ತಿರುಗಿ ನೋಡಿ ಮುಸಿಮುಸಿ ನಕ್ಕರು. ಅವರ ಮುಖಕ್ಕೆ ಕೋಸಂಬರಿ ಎರಚಬೇಕೆನಿಸಿತು.

ಹೆಂಗಸರ ಸಾಲಿನಲ್ಲಿದ್ದ ಅಮ್ಮ ಎಂದೂ ತಾಳ ತಪ್ಪಿದವಳಲ್ಲ. ಅವಳೂ ಇದನ್ನು ಕಂಡಳು. ಒಂದು ಗಳಿಗೆ ಅವಳ ಕೈ ನಿಂತಿತು. ಆಮೇಲೆ ಎಲ್ಲರನ್ನೂ ಮುಂದೆ ಹೋಗಲು ಬಿಟ್ಟು, ಅಪ್ಪನ ಜೊತೆಗೇ ತಡವಾಗಿ ತಟ್ಟತೊಡಗಿದಳು.

ಅವಳ ಕೈ ತಮ್ಮ ಕೈಯೊಂದಿಗೆ ಸೇರುವುದನ್ನು ನೋಡಿದ ಅಪ್ಪ, ತಾಳವಾದರೂ ಸರಿಯಿದೆಯೆಂದು ನಂಬಿ ತಲೆದೂಗಿದರು. ನಾನು ಅಡುಗೆಮನೆಗೆ ಓಡಿಹೋಗಿ ಅತ್ತುಬಿಟ್ಟೆ. ಹಾಲಿನಲ್ಲಿ ಹಾಡು ಮುಗಿಯಿತು, ಎಲ್ಲರ ಚಪ್ಪಾಳೆಯೂ ನಿಂತಿತು. ಅದಾದ ಮೇಲೆ ಇನ್ನೊಂದು ಸಲ, ಅವರಿಬ್ಬರದು ಮಾತ್ರ ಕೇಳಿಸಿತು.