ಹದಿನೈದನೆಯ ಪರಕರ

ಕಳೆದ ತಿಂಗಳ ಎರಡನೇ ಶುಕ್ರವಾರ ಸಂಜೆ ನಮ್ಮ ಮನೆಗೆ ಹದಿನಾಲ್ಕು ಜೊತೆ ಪರಕರ-ಪೋಲಕ (ಲಂಗ-ರವಿಕೆ) ಬರಬೇಕಿತ್ತು. ಹದಿನೈದು ಬಂದವು.

ನನ್ನ ಮಗಳು ಸೃಷ್ಟಿ ಜತ್ತದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಾಳೆ. ಶಾಲೆಯ ಗ್ಯಾದರಿಂಗ್‌ನಲ್ಲಿ (ಗಡಿಯ ಆಚೆಯ ಕನ್ನಡನಾಡಿನಲ್ಲಿ ಇದನ್ನು ವಾರ್ಷಿಕೋತ್ಸವ ಎನ್ನುತ್ತಾರೆ) ಅವಳ ತರಗತಿಯ ಹುಡುಗಿಯರದು ಒಂದು ಜನಪದ ಕುಣಿತ. ಬಟ್ಟೆ ಹೊಲಿಸುವ ಜವಾಬ್ದಾರಿ ನನಗೆ ಬಂದಿತ್ತು. ಹೊಲಿದವರು ಹತ್ತಿರದ ಹಳ್ಳಿ ವಳಸಂಗದ ದರ್ಜಿ ದಸ್ತಗೀರ. ಹಸಿರು ಖಣದ ಪೋಲಕ, ಕೆಂಪು ಪರಕರ. ಪ್ರತಿ ಜೊತೆಗೂ ಗುಂಡುಪಿನ್ನಿನಿಂದ ಚುಚ್ಚಿದ ಹೆಸರಿನ ಚೀಟಿ.

ಹದಿನೈದನೆಯ ಚೀಟಿಯ ಮೇಲೆ ‘ಆಫ್ರೀನ್’ ಎಂದಿತ್ತು. ಆಫ್ರೀನ್ ದಸ್ತಗೀರರ ಮಗಳು. ಅದೇ ಶಾಲೆ, ಅದೇ ತರಗತಿ. ಆದರೆ ಟೀಚರು ಕೊಟ್ಟ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಪರಕರ ಬಿಚ್ಚಿ ನೋಡಿದೆ. ಉಳಿದವುಗಳ ಅಂಚಿನಲ್ಲಿ ಒಂದು ಬೆರಳು ಬಟ್ಟೆ ಮಡಚಿದ್ದರೆ ಇದರಲ್ಲಿ ನಾಲ್ಕು ಬೆರಳು. ಮುಂದಿನ ವರ್ಷ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಳ್ಳಲು. ತಮ್ಮ ಮಗುವಿಗೆಂದು ಹೊಲಿದವರಷ್ಟೇ ಹಾಗೆ ಬಿಡುತ್ತಾರೆ.

ಫೋನ್ ಮಾಡಿದೆ.

“ಒಂದು ಹೆಚ್ಚಿಗಿ ಬಂದೈತಲ್ಲ, ದಸ್ತಗೀರಣ್ಣ?”

“ಎಲ್ಲಿ ಹೆಚ್ಚಿಗಿರಿ ಅಕ್ಕಾರ. ಅದು ನಮ್ಮ ಆಫ್ರೀನಂದು. ಪಟ್ಟ್ಯಾಗ ಆಕಿ ಹೆಸರ ಇರಲಿಲ್ಲ. ದರ್ಜಿ ಮಗಳ ಅಳತಿ ದರ್ಜಿಗೆ ಯಾಕ ಬರದ ಕೊಡೂದು ಅಂತ ಬಿಟ್ಟಿರಬೇಕು ಅಂತ ತಿಳಕೊಂಡೆ.” ಹೇಳಿ ತಾವೇ ನಕ್ಕರು.

“ಡಾನ್ಸಿನ್ಯಾಗ ಅದೀನಿ ಅಂತ ಆಕೀನ ಹೇಳಿದಳೇನು?”

“ಹೇಳೂದೇನ್ರಿ, ದಿನಾ ನನ್ನ ಮಷಿನ್ ಮುಂದ ಕುಣೀತಾಳ. ಒಂದು ಹೆಜ್ಜಿ ತಪ್ಪೂದಿಲ್ಲ.”

ಆಫ್ರೀನ್‌ಗೆ ಹೆಜ್ಜೆ ಕಲಿಸಿದವಳು ಒಂದು ರೀತಿಯಲ್ಲಿ ನಾನೇ. ಪರಕರದ ಘೇರು, ಅಂದರೆ ಸುತ್ತಿನ ಅಗಲ, ಎಷ್ಟಿರಬೇಕು ಎಂದು ದಸ್ತಗೀರ ಕೇಳಿದ್ದಕ್ಕೆ, ಹುಡುಗಿಯರು ಸುತ್ತುವುದನ್ನು ನೋಡಿ ಅಂದಾಜು ಮಾಡಿಕೊಳ್ಳಲಿ ಎಂದು ಅಭ್ಯಾಸದ ವಿಡಿಯೋ ಕಳಿಸಿದ್ದೆ. ಅಪ್ಪ ಘೇರು ನೋಡಿದರು. ಮಗಳು ಹೆಜ್ಜೆ ನೋಡಿದಳು. ಅಪ್ಪ ಕೇಳಲಿಲ್ಲ, ಮಗಳು ಹೇಳಲಿಲ್ಲ.

ನಾನೂ ಹೇಳಲಿಲ್ಲ. “ಆತು ಬಿಡ್ರಿ” ಎಂದು ಫೋನ್ ಇಟ್ಟೆ. ಖಚಿತವಾಗದೆ ಏನನ್ನೂ ಹೇಳಬಾರದು ಎಂಬುದು ಸುದ್ದಿಮನೆಯಲ್ಲಿ ಕಲಿತ ಪಾಠ. (ಧೈರ್ಯ ಸಾಲಲಿಲ್ಲ ಎಂದರೂ ತಪ್ಪಲ್ಲ.)

ಊಟಕ್ಕೆ ಕುಳಿತ ಮಗಳನ್ನು ಕೇಳಿದೆ. “ಆಫ್ರೀನ್ ಯಾಕ ಡಾನ್ಸಿನ್ಯಾಗ ಇಲ್ಲ?”

“ಆಕಿ ಸಾಡೇತೀನ್ ಗ್ಯಾಂಗ್, ಮಮ್ಮಿ.”

“ಹಂಗಂದ್ರ?”

“ನಾವು ಸಾಡೇಚಾರ್ ಗ್ಯಾಂಗ್. ಅವರು ಸಾಡೇತೀನ್ ಗ್ಯಾಂಗ್. ಅವರು ಡಬ್ಬೀನೂ ಬ್ಯಾರೇನ ಕುಂತ ತಿಂತಾರ.” ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದಳು.

ನಿಜಕ್ಕೂ ಗೊತ್ತಿರಲಿಲ್ಲ. ಐದು ವರ್ಷದಿಂದ ಅದೇ ಗೇಟಿನ ಮುಂದೆ ನಿಲ್ಲುತ್ತಿದ್ದೇನೆ.

ಸಂಗತಿ ಇಷ್ಟು. ಶಾಲೆಗೆ ಇರುವುದು ಒಂದೇ ವ್ಯಾನ್. ಸಂಜೆ ಎರಡು ಫೇರಿ, ಅಂದರೆ ಎರಡು ಸುತ್ತು. ಮೂರೂವರೆಗೆ, ಮಕ್ಕಳ ಮಾತಿನ ಸಾಡೇತೀನ್‌ಗೆ, ವಳಸಂಗದ ಮಕ್ಕಳನ್ನು ಒಯ್ದು ಬಿಟ್ಟು ಬರುತ್ತದೆ. ನಾಲ್ಕೂವರೆಗೆ, ಸಾಡೇಚಾರ್‌ಗೆ, ಇನ್ನೊಂದು ದಿಕ್ಕಿನ ಡಫಳಾಪುರದ ಮಕ್ಕಳನ್ನು ಒಯ್ಯುತ್ತದೆ. ಆ ಒಂದು ಗಂಟೆ ಡಫಳಾಪುರದವರು ಮೈದಾನದಲ್ಲೇ ಇರುತ್ತಾರೆ. ಆಡಲು ಜೊತೆ ಇದೆಯೆಂದು ಪೇಟೆಯ ನಮ್ಮ ಮಕ್ಕಳೂ ಉಳಿಯುತ್ತಾರೆ. ಅಲ್ಲಿ ಲಗೋರಿ, ಜಗಳ, ರಾಜಿ, ಗುಟ್ಟು ಎಲ್ಲವೂ ಆಗುತ್ತದೆ. ಸೃಷ್ಟಿಯ ಜೀವದ ಗೆಳತಿ ಡಫಳಾಪುರದ ಆರ್ಯಾ. ಹಸಿದು ಕಾಯುವ ಆರ್ಯಾಳಿಗೆಂದು ನಮ್ಮ ಮನೆಯಿಂದ ದಿನವೂ ಎರಡನೇ ಡಬ್ಬಿಯಲ್ಲಿ ಎರಡು ಚಪಾತಿ ಹೋಗುತ್ತದೆ. ಸ್ನೇಹ ಬೆಳೆದದ್ದು ಆ ಡಬ್ಬಿಯ ಸುತ್ತ. ಕುಣಿತದ ಅಭ್ಯಾಸ ನಡೆಯುವುದೂ ಅದೇ ಗಂಟೆಯಲ್ಲಿ.

ವಳಸಂಗದ ಒಂಬತ್ತು ಮಕ್ಕಳು ಆ ಹೊತ್ತಿಗೆ ವ್ಯಾನಿನಲ್ಲಿರುತ್ತಾರೆ. ಅವರಿಗೆ ಶಾಲೆಯ ವೇಳೆಯಲ್ಲೇ ಕಲಿಸುವ ಸಮೂಹಗೀತೆ. ಪ್ರತಿ ವರ್ಷವೂ ಸಮೂಹಗೀತೆ, ಪ್ರತಿ ವರ್ಷವೂ ಹಿಂದಿನ ಸಾಲು.

ವಳಸಂಗದ ಮಕ್ಕಳ ಮನೆಮಾತು ಹೆಚ್ಚಾಗಿ ಕನ್ನಡ, ಒಂದೆರಡು ಮನೆಗಳಲ್ಲಿ ದಖನಿ ಉರ್ದು. ಡಫಳಾಪುರದವರದು ಮರಾಠಿ. ಪೇಟೆಯ ನಾವು ಎರಡನ್ನೂ ಆಡುತ್ತೇವೆ. ಹೊರಗಿನವರು ಬಂದು ನೋಡಿದರೆ ಏನು ಬರೆಯುತ್ತಾರೆ? ಭಾಷೆಯ ಗುಂಪು, ಜಾತಿಯ ಗುಂಪು, ಧರ್ಮದ ಗುಂಪು. ನಾನೇ ಹಾಗೆ ಎಷ್ಟೋ ವರದಿ ಬರೆದಿದ್ದೇನೆ. ಇಲ್ಲಿ ಗುಂಪು ಮಾಡಿದ್ದು ಒಂದು ವ್ಯಾನಿನ ವೇಳಾಪಟ್ಟಿ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಹಿಂದಿನ ಸಾಲಿನಲ್ಲಿ ನಿಂತವರು ನಮ್ಮ ಮಕ್ಕಳಾಗಿದ್ದರೆ ಆ ವೇಳಾಪಟ್ಟಿ ಐದು ವರ್ಷ ಬಾಳುತ್ತಿತ್ತೇ?

ಮರುದಿನ ಶಾಲೆಗೆ ಹೋದೆ. ವಳಸಂಗದ ಫೇರಿ ಮೊದಲು ಯಾಕೆ ಎಂದು ಕ್ಲಾಸ್ ಟೀಚರ್ ಸ್ವಾತಿ ಮ್ಯಾಡಮ್ ಅವರನ್ನು ಕೇಳಿದೆ. ಉತ್ತರ ಸರಳವಾಗಿತ್ತು. ವ್ಯಾನ್ ತಂದ ವರ್ಷ ವಳಸಂಗದಿಂದ ಬರುತ್ತಿದ್ದವರೆಲ್ಲ ಚಿಕ್ಕ ಮಕ್ಕಳು. ಪಾಪ, ಅವರನ್ನು ಮೊದಲು ಮನೆ ಮುಟ್ಟಿಸೋಣ ಎಂದು ಮಾಡಿದ ವ್ಯವಸ್ಥೆ. ಮಕ್ಕಳು ಬೆಳೆದರು. ವ್ಯವಸ್ಥೆ ಹಾಗೇ ಉಳಿಯಿತು.

ಅಭ್ಯಾಸ ಶಾಲೆ ಬಿಟ್ಟ ಮೇಲೆ ಯಾಕೆ?

“ಅದು ಪಾಲಕ ಸಭೆಯ ಠರಾವ್ ಮ್ಯಾಡಮ್. ವಹಿ ನೋಡ್ತೀರಾ?”

ನೋಡಿದೆ. ನಿರ್ಣಯಗಳ ಆ ಪುಸ್ತಕದಲ್ಲಿ ‘ಪಾಠದ ವೇಳೆ ಹಾಳಾಗದಂತೆ ಗ್ಯಾದರಿಂಗ್ ಕುಣಿತದ ಅಭ್ಯಾಸವನ್ನು ಶಾಲೆ ಬಿಟ್ಟ ಮೇಲೆ ನಡೆಸಬೇಕು’ ಎಂದು ಮರಾಠಿಯಲ್ಲಿ ಬರೆದಿತ್ತು. ಸರ್ವಾನುಮತದಿಂದ ಮಂಜೂರು. ಅನುಮೋದಕರು ಎಂಬಲ್ಲಿ ನನ್ನ ಹೆಸರು. ಕೆಳಗೆ ನನ್ನದೇ ಸಹಿ.

ಕೈಯೆತ್ತಿದ್ದು ಆಗ ನೆನಪಾಯಿತು. ಸಭೆ ಬೇಗ ಮುಗಿಯಲಿ ಎಂದು ಎತ್ತಿದ್ದೆ.

ಹಾಜರಾತಿ ಪುಟ ತಿರುವಿದೆ. ವಳಸಂಗದ ಒಂದು ಸಹಿಯೂ ಇಲ್ಲ. ಸಭೆ ನಡೆದದ್ದು ಸಂತೆಯ ದಿನ. ಹಳ್ಳಿಯವರು ಹೇಗೂ ಸಂತೆಗೆ ಬರುತ್ತಾರೆ, ಅವರಿಗೆ ಅನುಕೂಲವಾಗಲಿ ಎಂದು ಶಾಲೆ ಆರಿಸಿದ ದಿನ ಅದು. ಸಂತೆಗೆ ಬರುವವರು ಮಾರಲು ಬಂದಿರುತ್ತಾರೆ, ಗಿರಾಕಿ ಬಿಟ್ಟು ಹೇಗೆ ಬಂದಾರು ಎಂದು ಯಾರಿಗೂ ಹೊಳೆದಿರಲಿಲ್ಲ. ದಸ್ತಗೀರರೂ ಆ ದಿನ ಸಂತೆಯಲ್ಲಿ ಮಷಿನ್ ಇಟ್ಟುಕೊಂಡು ಹಳೆ ಬಟ್ಟೆ ರಿಪೇರಿ ಮಾಡುತ್ತಾರೆ.

ಹೊರಗೆ ಬಂದಾಗ ಸಣ್ಣ ಬಿಡುವು. ಆಫ್ರೀನ್ ನೀರಿನ ನಳದ ಹತ್ತಿರ ಒಬ್ಬಳೇ ಇದ್ದಳು. ನನ್ನನ್ನು ನೋಡಿದ ಕೂಡಲೇ ಅವಳಿಗೆ ವಿಷಯ ಅರ್ಥವಾಯಿತು.

“ಅಬ್ಬಾಗ ಹೇಳಿದಿರೇನ್ರಿ?”

“ಇಲ್ಲ. ನೀ ಯಾಕ ಹೇಳಲಿಲ್ಲ?”

ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಳು. “ಹೇಳಬೇಕಂದ್ರ ಅಬ್ಬಾ ಆಗಲೇ ಅರಬಿ ಕತ್ತರಿಸಿಬಿಟ್ಟಿದ್ರರಿ.”

ಒಂಬತ್ತು ವರ್ಷದ ಹುಡುಗಿ. ಹೊಲಿದ ಪೋಲಕವನ್ನು ಅಪ್ಪ ತೊಡಿಸಿ ನೋಡುವಾಗ ಕೈ ಚಾಚಿ ನಿಂತಿದ್ದಾಳೆ. ಗ್ಯಾದರಿಂಗ್‌ಗೆ ಇನ್ನು ಐದು ದಿನ. ಆ ದಿನ ಅಪ್ಪ ಅಂಗಡಿ ಮುಚ್ಚಿ, ಶಾಲೆಗೆ ಬಂದು, ವೇದಿಕೆಯ ಮೇಲೆ ಹದಿನೈದನೆಯ ಪರಕರವನ್ನು ಹುಡುಕುತ್ತಾರೆ. ಅದು ಅವಳಿಗೆ ಗೊತ್ತಿತ್ತು.

ಮತ್ತೆ ಒಳಗೆ ಹೋಗಿ, ಆಫ್ರೀನ್‌ಳನ್ನೂ ಕುಣಿತಕ್ಕೆ ಸೇರಿಸಿಕೊಳ್ಳಿ ಎಂದೆ. ಸ್ವಾತಿ ಮ್ಯಾಡಮ್ ಎಲ್ಲ ಕೇಳಿಸಿಕೊಂಡರು. ಅವರ ತೊಂದರೆಯೂ ಸಣ್ಣದಲ್ಲ. ಕುಣಿತದಲ್ಲಿ ಏಳು ಜೋಡಿ. ಹದಿನೈದನೆಯವಳಿಗೆ ಜೋಡಿ ಎಲ್ಲಿಂದ? ಒಬ್ಬಳನ್ನು ತೆಗೆದುಕೊಂಡರೆ ಉಳಿದವರು ಕೇಳುವುದಿಲ್ಲವೇ? ತಾಯಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿ ನೋಡಿ ಎಂದರು. ಕೇಳಿದೆ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. (ನೀಲಿ ಟಿಕ್ ಎಲ್ಲರದೂ ಇತ್ತು.)

ಮೊದಲು ಫೋನ್ ಮಾಡಿದವರು ಆರ್ಯಾಳ ತಾಯಿ ಮನೀಷಾ. ಮನೆಯಲ್ಲಿ ಮರಾಠಿ, ನನ್ನ ಜೊತೆ ಯಾವಾಗಲೂ ಕನ್ನಡ. ದನಿ ಬಿಸಿಯಾಗಿತ್ತು.

“ವಳಸಂಗದವರಿಗೆ ಅನ್ಯಾಯ ಆಗೇತಿ ಅಂತ ಬರದೀರಲ್ಲ ವೈನಿ, ನಮ್ಮ ಹುಡುಗರದು ಏನು? ಐದು ವರ್ಷ ಆತು, ದಿನಾ ಒಂದು ತಾಸು ಹಸ್ಕೊಂಡು ಕುಂದರ್ತಾವ. ಅವರು ಮನಿಗೆ ಹೋಗಿ ಉಂಡು ಮಲಗಿರ್ತಾರ, ನಮ್ಮವು ಇನ್ನೂ ದಾರಿ ಮ್ಯಾಲೆ. ಅವರ ನಸೀಬ ಚಲೋ ಅಂತ ನಾವು ಅನ್ಕೊಂಡೀವಿ.”

ಮೊದಲು ಹೋಗುವವರು ಪುಣ್ಯವಂತರು ಎಂದು ಡಫಳಾಪುರದವರು ತಿಳಿದಿದ್ದರು. ಉಳಿಯುವವರು ಪುಣ್ಯವಂತರು ಎಂದು ವಳಸಂಗದ ಒಬ್ಬ ಹುಡುಗಿ ತಿಳಿದಿದ್ದಳು. ಇಬ್ಬರೂ ಒಂದೇ ವ್ಯಾನಿನ ಒಂದೇ ಸೀಟಿನ ಮೇಲೆ ಕೂರುವವರು, ಒಂದು ಗಂಟೆಯ ಅಂತರದಲ್ಲಿ.

ಕೊನೆಗೆ ಮನೀಷಾ ತಾವೇ ತಣ್ಣಗಾದರು. “ಅದೆಲ್ಲಾ ಆಮ್ಯಾಲ ನೋಡೋಣು. ಆ ಹುಡುಗಿಗೆ ಕುಣಿಯಾಕ ಬರತೈತೋ ಇಲ್ಲೋ?”

“ಬರತೈತಿ.”

“ಬರತೈತಿ ಅಂದ್ರ ನಿಂದರಸ್ರಿ ಮತ್ತ. ಅರಬಿ ಹೊಲದು ಮನ್ಯಾಗ ಇಟ್ಟೀರಿ, ಏನು ದೀಪ ಹಚ್ಚಾವ್ರೇನು ಅದಕ್ಕ?”

ಗುಂಪಿನಲ್ಲೂ ಅವರು ಅದನ್ನೇ ಬರೆದರು. ಆಮೇಲೆ ಒಂದೊಂದೇ ಹೆಬ್ಬೆರಳು ಬಂದವು. ಇಬ್ಬರು ಕೊನೆಯವರೆಗೂ ಏನೂ ಹೇಳಲಿಲ್ಲ.

ಉಳಿದ ದಿನಗಳಲ್ಲಿ ಸ್ವಾತಿ ಮ್ಯಾಡಮ್ ತಮ್ಮ ಊಟದ ಬಿಡುವಿನಲ್ಲಿ ಆಫ್ರೀನ್‌ಗೆ ಜಾಗ ತೋರಿಸಿಕೊಟ್ಟರು. ಹೆಜ್ಜೆ ಹೇಳಿಕೊಡುವ ಅಗತ್ಯ ಬೀಳಲಿಲ್ಲ. ಎರಡನೇ ಸಾಲಿನ ತುದಿ, ಪರದೆಯ ಪಕ್ಕ. ಜೋಡಿಯಾಗಿ ಕೈ ಹಿಡಿದು ಸುತ್ತುವಾಗ ಅವಳು ಒಬ್ಬಳೇ ಸುತ್ತಬೇಕು.

ಗ್ಯಾದರಿಂಗ್ ದಿನ ನಾಲ್ಕು ನಿಮಿಷದ ಕುಣಿತ ನಡೆಯಿತು. ಆಫ್ರೀನ್ ಎಲ್ಲೂ ತಪ್ಪಲಿಲ್ಲ. ನನ್ನ ಮಗಳು ಎರಡು ಕಡೆ ತಪ್ಪಿದಳು. ಜೋಡಿಗಳು ಸುತ್ತಿದವು, ತುದಿಯಲ್ಲಿ ಒಂದು ಕೆಂಪು ಪರಕರ ಒಂಟಿಯಾಗಿ ಸುತ್ತಿತು. ಒಂಟಿಯಾದ್ದರಿಂದ ಘೇರು ಪೂರ್ತಿ ಬಿಚ್ಚಿಕೊಂಡಿತು.

ಮುಗಿದ ಮೇಲೆ ದಸ್ತಗೀರ ನನ್ನನ್ನು ಹುಡುಕಿಕೊಂಡು ಬಂದರು. ಮುಖದಲ್ಲಿ ಖುಷಿ ಇತ್ತು, ಒಂದು ಪ್ರಶ್ನೆಯೂ ಇತ್ತು.

“ಚಲೋ ಆತ್ರಿ ಅಕ್ಕಾರ. ಆದ್ರ ನಮ್ಮ ಹುಡುಗಿಗೆ ಜೋಡಿ ಯಾಕ ಇರಲಿಲ್ಲರಿ?”

ದರ್ಜಿಯ ಕಣ್ಣು. ಎಣಿಕೆ ತಪ್ಪುವುದಿಲ್ಲ. ಆಫ್ರೀನ್ ಅವರ ಹಿಂದೆಯೇ ನಿಂತಿದ್ದಳು. ‘ಅಬ್ಬಾಗ ಹೇಳಿದಿರೇನ್ರಿ’ ಎಂದು ಕೇಳಿದ್ದವಳು ಈಗ ನೆಲ ನೋಡುತ್ತಿದ್ದಳು. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಇಲ್ಲಿ ತಪ್ಪು ಅವಳದಾಗಿರಲಿಲ್ಲ. ಹಾಗಾಗಿ ನನ್ನ ಪಾಲಿನದನ್ನು ಹೇಳಿದೆ. ಅಭ್ಯಾಸದ ಹೊತ್ತು, ವ್ಯಾನಿನ ಹೊತ್ತು, ವಹಿಯಲ್ಲಿ ನನ್ನ ಸಹಿ.

ದಸ್ತಗೀರ ಬಗ್ಗಿ ಮಗಳ ಪರಕರದ ಅಂಚಿಗೆ ಹತ್ತಿದ್ದ ಮಣ್ಣು ಕೊಡವಿದರು.

“ನನಗ ಹೇಳಬಾರದಾಗಿತ್ತೇನವಾ?” ಎಂದು ಅವಳನ್ನು ಕೇಳಿದರು. ನನ್ನ ಕಡೆ ತಿರುಗಿ, “ಮುಂದಿನ ಸಭಾ ಯಾವಾಗರಿ?” ಎಂದರು.

“ಮತ್ತ ಸಂತಿ ದಿನಾನ ಇಟ್ಟಾರ.”

“ಇಡಲಿ. ಮಷಿನ್ ಒಂದು ತಾಸು ಮುಚ್ಚಿಟ್ಟು ಬರತೀನಿ.”

ಬಂದರು. ವಳಸಂಗದ ಇನ್ನೂ ಮೂವರನ್ನು ಕರೆತಂದರು. ಫೇರಿ ವಾರಕ್ಕೊಮ್ಮೆ ಅದಲುಬದಲಾಗಲಿ, ಒಂದು ವಾರ ವಳಸಂಗ ಮೊದಲು, ಒಂದು ವಾರ ಡಫಳಾಪುರ ಮೊದಲು ಎಂದು ಠರಾವ್ ಮಂಡಿಸಿದವರು ಮನೀಷಾ. ವಳಸಂಗದವರೇ ಒಬ್ಬರು ವಿರೋಧಿಸಿದರು. ಅವರ ಮಗ ಒಂದನೇ ತರಗತಿ, ನಾಲ್ಕೂವರೆಯವರೆಗೆ ಹಸಿವು ತಡೆಯುವುದಿಲ್ಲ ಎಂದರು. ಅದೂ ನಿಜವೇ. ಪರೀಕ್ಷೆಯವರೆಗೆ ಮಾಡಿ ನೋಡೋಣ ಎಂದಾಯಿತು. ವಹಿಯಲ್ಲಿ ಈಗ ಹೀಗಿದೆ: ಸೂಚಕರು, ಮನೀಷಾ. ಅನುಮೋದಕರು, ದಸ್ತಗೀರ.

ಈ ಸೋಮವಾರ ಡಫಳಾಪುರದ ಫೇರಿ ಮೊದಲು ಹೋಯಿತು. ನಾಲ್ಕು ಗಂಟೆಗೆ ಮಗಳನ್ನು ಕರೆಯಲು ಹೋದಾಗ ಆಫ್ರೀನ್ ಮೆಟ್ಟಿಲ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಕುಳಿತಿದ್ದಳು. ಪೇಟೆಯ ಹುಡುಗಿಯರು ಮೈದಾನದ ಇನ್ನೊಂದು ತುದಿಯಲ್ಲಿದ್ದರು. ಮಂಗಳವಾರವೂ ಹಾಗೇ.

ಬುಧವಾರ ಬೆಳಿಗ್ಗೆ ಸೃಷ್ಟಿ ಎರಡನೇ ಡಬ್ಬಿ ಕೇಳಿದಳು. ಆರ್ಯಾ ಈ ವಾರ ಬೇಗ ಹೋಗುತ್ತಾಳಲ್ಲ ಎಂದೆ. ಗೊತ್ತು ಎಂದಳು. ಎರಡು ಚಪಾತಿ ಹಾಕಿದೆ. ಇನ್ನೊಂದು ಹಾಕು, ಮೆಟ್ಟಿಲ ಮೇಲೆ ಇಬ್ಬರು ಕೂರುತ್ತೇವೆ ಎಂದಳು.