ಬತ್ತಿದ ಹೊಳೆಯಲ್ಲಿ ಅಕ್ಕಯ್ಯಮ್ಮನ ತೆಪ್ಪ

ಅಕ್ಕಯ್ಯಮ್ಮನ ಗಂಟಲಿನ ಬಗ್ಗೆ ಮೊದಲೇ ಹೇಳಿಬಿಡುವುದು ವಾಸಿ. ಬೇತಮಂಗಲದ ಕೆರೆಯ ಕೆಳಗಿದ್ದ ತನ್ನ ಹೊಲದಲ್ಲಿ ನಿಂತು ಆಕೆ ಎಮ್ಮೆಯನ್ನು ಕೂಗಿದರೆ, ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯ ಎರಡು ಮೈಲಿ ಆಳದೊಳಗಿದ್ದವರು ಪಾಳಿ ಮುಗಿಯಿತೆಂದು ಕೈಲಿದ್ದುದನ್ನು ಕೆಳಗಿಡುತ್ತಿದ್ದರು. ಎಮ್ಮೆ ಮಾತ್ರ ತಲೆಯೆತ್ತಿ ನೋಡುತ್ತಿರಲಿಲ್ಲ; ಅದಕ್ಕೆ ಅಭ್ಯಾಸವಾಗಿತ್ತು. ಅದರ ಹಾಲನ್ನು ಆಕೆ ದಿನಾ ಮೊದಲ ಬಸ್ಸಿನಲ್ಲಿ ಗಣಿ ಕೆಲಸಗಾರರ ಲೈನುಮನೆಗಳಿಗೆ ಒಯ್ದು ಹಾಕಿ ಬರುತ್ತಿದ್ದಳು. ಗಂಡ ಸೀನಪ್ಪ ಕೋರಮಂಡಲ್ ಗಣಿಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಮಾತಿನ ಪಾಲನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟು ಮೌನವನ್ನು ತಾನಿಟ್ಟುಕೊಂಡ ಸಾಧು ಮನುಷ್ಯ.

ಅವರ ಹೊಲದಲ್ಲೊಂದು ಬಾವಿ, ಹೊಲದ ಸುತ್ತ ಕತ್ತಾಳೆ ಬೇಲಿ. ಕತ್ತಾಳೆ ಹೂ ಬಿಟ್ಟು ಒಣಗಿದಾಗ ನಡುವಿನ ಎತ್ತರದ ಕಾಂಡ ಬೆಂಡಾಗುತ್ತದೆ. ಹಗುರವೆಂದರೆ ಎಂಥ ಹಗುರ! ಹೊತ್ತು ತರುತ್ತಿದ್ದವನ ಕೈ ತಪ್ಪಿದ ಒಂದು ಬೆಂಡು ಗಾಳಿಯಲ್ಲೇ ಬಂಗಾರಪೇಟೆ ಸ್ಟೇಷನ್ ತಲುಪಿ, ಟಿಕೆಟ್ಟಿಲ್ಲದೆ ಮದರಾಸಿನ ರೈಲು ಹತ್ತಿತೆಂದು ಆಣೆ ಮಾಡಿ ಹೇಳುವವರಿದ್ದಾರೆ. ಅದರ ತುಂಡುಗಳನ್ನು ಬೆನ್ನಿಗೆ ಕಟ್ಟಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುವುದು ನಮ್ಮ ಸೀಮೆಯ ಪದ್ಧತಿ. ಗಂಡುಮಕ್ಕಳಿಗೆ ಮಾತ್ರ ಎಂಬುದು ಆ ಪದ್ಧತಿಯ ಬಾಲ. ಅಕ್ಕಯ್ಯಮ್ಮ ಬಾಲ ಕತ್ತರಿಸಿ ಎಸೆದಳು. ತನ್ನ ಮಗಳು ಅನಸೂಯಳಿಗೂ ಊರಿನ ಹುಡುಗಿಯರಿಗೂ, ಲೈನುಮನೆಯಲ್ಲಿ ಹಾಲು ಕೊಳ್ಳುತ್ತಿದ್ದ ಆರುಮುಗಂನ ಮಗಳು ಕನಕಳಿಗೂ ಈಜು ಕಲಿಸಿದಳು. ಬಾವಿಯಿಂದ ಏಳುತ್ತಿದ್ದ ಆ ಹುಡುಗಿಯರ ಕೇಕೆಗೆ ತೆಂಗಿನಕಾಯಿಗಳು ತಾವಾಗಿಯೇ ಉದುರುತ್ತಿದ್ದವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ ಹಿಂಗಾರು ಮಳೆ ಹುಚ್ಚೆದ್ದು ಸುರಿದು ಕೆರೆ ಕೋಡಿ ಹೋಯಿತು. ಕೆಳಗೆ ಪಾಲಾರ್ ಹೊಳೆ ಹರಿಯತೊಡಗಿತು. ಪಾಲಾರ್ ಎಂದರೆ ನಮ್ಮಲ್ಲಿ ಮರಳಿಗೆ ಇಟ್ಟ ಹೆಸರು. ಅದರಲ್ಲಿ ನೀರು ಕಂಡು ಊರಿನ ನಾಯಿಗಳೆಲ್ಲ ಹಗಲೂ ರಾತ್ರಿ ಬೊಗಳಿದವು. ಪಾಪ, ಗುರುತು ಸಿಗಲಿಲ್ಲ. ಗುರುತು ಸಿಕ್ಕಿದ್ದು ವಿಜ್ಞಾನದ ಮೇಷ್ಟ್ರು ರಾಮಚಂದ್ರಪ್ಪನವರಿಗೆ. ಕೋಡಿಯ ಕೆಳಗಿನಿಂದ ಎಮ್ಮೆಮಡುವಿನವರೆಗೆ ಹುಡುಗ ಹುಡುಗಿಯರನ್ನು ತೆಪ್ಪದಲ್ಲಿ ಕರೆದೊಯ್ದು, ಹೊಳೆಯ ಹಕ್ಕಿ, ಮೀನು, ಗಿಡಮರಗಳ ಪಾಠ ಮಾಡುವುದಾಗಿ ಸಾರಿದರು. ತೆಪ್ಪಕ್ಕೆ ಬೆಂಡು ಅಕ್ಕಯ್ಯಮ್ಮನ ಬೇಲಿಯದು.

ಇದಕ್ಕೆ ಅಡ್ಡ ಬಂದವನು ಸೀನಪ್ಪನ ಅಣ್ಣ, ಊರಿನ ಯಜಮಾನ ಮುನಿಸ್ವಾಮಪ್ಪ. ಕೆರೆ ಏರಿಯ ಮೇಲೆ ಜನರ ನಡುವೆಯೇ ಮೇಷ್ಟ್ರನ್ನು ತಡೆದು ನಿಲ್ಲಿಸಿದ.

"ಏನ್ ಮೇಷ್ಟ್ರೇ, ಎಣ್ಣೈಕ್ಳು ತೆಪ್ಪ ಅತ್ತೋದಾ? ಗಂಗಮ್ಮನ ತೆಪ್ಪಕ್ಕೇ ನಮ್ಮ ಎಂಗಸ್ರು ಕಾಲಿಕ್ಕಲ್ಲ. ಎಣ್ಣು ತೆಪ್ಪ ತುಳಿದ್ರೆ ನೀರು ಬತ್ತೋಯ್ತದೆ!"

ಅಲ್ಲೇ ನಿಂತಿದ್ದ ಅಕ್ಕಯ್ಯಮ್ಮ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಬಾವನ ಎದುರು ಮರ್ಯಾದೆ ಇರಬೇಕಲ್ಲ.

"ಬಾವ, ಇಷ್ಟು ವರ್ಸ ಒಳೆ ಒಣಗಿ ಬಿದ್ದಿತ್ತಲ್ಲ, ಅವಾಗ ಯಾವ ಎಣ್ಣು ತುಳಿದಿದ್ಲು? ಎಸ್ರೇಳಿ, ಓಗಿ ಕೇಳ್ಕಂಬತ್ತೀನಿ."

ಏರಿಯ ಮೇಲಿದ್ದವರು ಕಿಸಕ್ಕೆಂದರು. ಮುನಿಸ್ವಾಮಪ್ಪನ ಮೀಸೆಯ ಒಂದು ತುದಿ ಮೂಡಲಕ್ಕೂ ಇನ್ನೊಂದು ಪಡುವಲಕ್ಕೂ ತಿರುಗಿತು. ಸ್ವಲ್ಪ ಹೊತ್ತಿಗೆ ಎರಡೂ ನಗೆಯೊಳಗೆ ಬಂದು ಸೇರಿದವು.

"ಆಗ್ಲಿ ಕಣಮ್ಮ. ಗಂಡೈಕ್ಳು ಈ ಭಾನ್ವಾರ ಓಗ್ಬರ್ಲಿ. ಎಣ್ಣೈಕ್ಳು ಬರೋ ಭಾನ್ವಾರ ಓಗ್ಲಿ. ಸರೀನಾ?"

ಮೇಷ್ಟ್ರು ಜಗಳ ತಪ್ಪಿತೆಂದು ಒಪ್ಪಿಬಿಟ್ಟರು. ಪಾಲಾರ್ ವಾರಕ್ಕಿಂತ ಹೆಚ್ಚು ನಿಲ್ಲುವ ನೆಂಟಳಲ್ಲವೆಂದು ಮುನಿಸ್ವಾಮಪ್ಪನಿಗೆ ಗೊತ್ತಿತ್ತು. ಅಕ್ಕಯ್ಯಮ್ಮನಿಗೂ ಗೊತ್ತಿತ್ತು, ಆದರೆ ಮೇಷ್ಟ್ರು ತಲೆಯಾಡಿಸಿ ಆಗಿತ್ತು.

ಗಂಡು ಹುಡುಗರು ಹೋಗಿ ಬಂದರು. ಕಂಡ ಮೀನು ಎಷ್ಟುದ್ದವೆಂದು ತೋರಿಸಲು ಒಬ್ಬ ತನ್ನ ಎರಡು ಕೈ ಸಾಲದೆ ಪಕ್ಕದವನ ಕೈಯನ್ನೂ ಸೇರಿಸಿಕೊಂಡ. ವಾರದ ನಡುವೆ ಕೋಡಿ ನಿಂತಿತು. ಭಾನುವಾರ ಬೆಳಿಗ್ಗೆ ಹುಡುಗಿಯರು ಜಡೆ ಬಿಗಿದುಕೊಂಡು ಬಂದು ನೋಡಿದರೆ ಹೊಳೆಯ ತುಂಬ ಒದ್ದೆ ಮರಳು, ಅಲ್ಲಲ್ಲಿ ಅಂಗೈಯಗಲದ ಗುಂಡಿ.

"ಅಯ್ಯೋ ಅಕ್ಕಾ, ತಣ್ಣಿ ಎಂಗೇ?" ಎಂದು ಚಾಂಪಿಯನ್ ರೀಫ್ಸ್‌ನಿಂದ ಬಂದಿದ್ದ ಕನಕ ನೀರನ್ನು ತಮಿಳಿನಲ್ಲಿ ಹುಡುಕಿದಳು. ಯಾವ ಭಾಷೆಯಲ್ಲಿ ಹುಡುಕಿದರೂ ಇಲ್ಲ.

ಮುನಿಸ್ವಾಮಪ್ಪ ಅರ್ಧ ಊರನ್ನೇ ಕರೆತಂದಿದ್ದ. "ನೋಡಿದ್ರೇನ್ರಪ್ಪಾ! ತುಳಿಯೋದಿರ್ಲಿ, ತುಳೀತೀವಿ ಅಂದಿದ್ಕೇ ಒಳೆ ಓಡೋಯ್ತು! ಇನ್ಮ್ಯಾಕೆ ಎಣ್ಣೈಕ್ಳು ನೀರಿಗಿಳಿಯೋ ಮಾತು ಬ್ಯಾಡ. ಒಳೇನೂ ಬ್ಯಾಡ, ಬಾವೀನೂ ಬ್ಯಾಡ."

ಹುಡುಗಿಯರ ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಮೇಷ್ಟ್ರು ಮೆಲ್ಲಗೆ, "ಮುಂದಿನ ವರ್ಷ ನೋಡೋಣ, ಅಕ್ಕಯ್ಯಮ್ಮ" ಎಂದರು. ಈಗ ಮನೆಗೆ ಹೋದರೆ ಈ ಮರಳೇ ಬಾವನ ಪರವಾಗಿ ಸಾಕ್ಷಿ ಹೇಳುತ್ತದೆ, ಮುಂದೆ ಒಂದು ಹುಡುಗಿಯೂ ತನ್ನ ಬಾವಿಯ ಹತ್ತಿರ ಸುಳಿಯುವುದಿಲ್ಲ ಎಂಬುದು ಅಕ್ಕಯ್ಯಮ್ಮನಿಗೆ ಹೊಳೆಯಿತು. ಆಕೆ ಸೆರಗನ್ನು ತಲೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು.

"ಎತ್ರೇ ತೆಪ್ಪಾನ!"

"ಎಲ್ಲಿಗಮ್ಮಾ?" ಎಂದಳು ಅನಸೂಯ.

"ಎಮ್ಮೆಮಡುಗೆ. ಅಲ್ಲಿ ಯಾವಾಗ್ಲೂ ನೀರೈತೆ. ಒಳೆ ನಮ್ಮನ್ನ ಒತ್ಕಂಡೋಗ್ಲಿಲ್ಲ ಅಂದ್ರೆ, ಒಳೆ ಉದ್ದಕ್ಕೂ ನಾವೇ ತೆಪ್ಪಾನ ಒತ್ಕಂಡೋಗಾನ!"

ತೆಪ್ಪ ಹುಡುಗಿಯರ ತಲೆಯೇರಿತು. ಬೇಸಾಯದ ಕೋದಂಡಪ್ಪ ದಡದಿಂದ ಕೂಗಿದ: "ಅಕ್ಕಯ್ಯಕ್ಕಾ, ಚಕ್ರ ಆಕ್ಸು ಅದಕ್ಕೆ!"

"ಆಕ್ಸ್ತೀನಿ ಕಣ್ಲಾ. ನಿನ್ ಮಗಳೂ ಒರ್ತಾವ್ಳೆ ಇಲ್ಲಿ. ನಿಂಗೆ ನಡೆಯಾಕಾಗ್ದಿದ್ರೆ ನೀನೂ ಮ್ಯಾಲೆ ಕುಂತ್ಕೋ ಬಾ!"

ನಡುಹೊಳೆಯಲ್ಲಿ ಮೆರವಣಿಗೆ ಹೊರಟಿತು. ಗೇಲಿ ಮಾಡುತ್ತ ಅರ್ಧ ಊರು ದಡದ ಮೇಲೆ ಹಿಂಬಾಲಿಸಿತು. ಒಂದು ಕಡೆ ಮೇಷ್ಟ್ರು "ನಿಲ್ಲಿ!" ಎಂದು ಚೀರಿದರು. ಕನಕಳ ಕಾಲಿನ ಪಕ್ಕ, ದಿಬ್ಬದ ಒಣ ಮರಳಿನಲ್ಲಿ, ಬೆಣಚುಕಲ್ಲಿನಂಥ ನಾಲ್ಕು ಮೊಟ್ಟೆ. ತಲೆಯ ಮೇಲೆ ಟಿಟ್ಟಿಭ ಹಕ್ಕಿ ಬೈಗುಳದ ಮಳೆ ಸುರಿಸುತ್ತಿತ್ತು. ತೆಪ್ಪದಲ್ಲಿ ತೇಲಿಹೋದ ಹುಡುಗರು ಹಗ್ಗ ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಇದೊಂದನ್ನೂ ಕಂಡಿರಲಿಲ್ಲ. ಗುಂಡಿಗಳಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದ ಮೀನುಮರಿಗಳನ್ನು ಹುಡುಗಿಯರು ಅಕ್ಕಯ್ಯಮ್ಮನ ಕೈಲಿದ್ದ ಖಾಲಿ ಹಾಲಿನ ಕ್ಯಾನಿಗೆ ತುಂಬಿಕೊಂಡರು. ಬಾಯಾರಿದಾಗ ಮರಳು ಬಗೆದರು, ತಿಳಿನೀರು ಒಸರಿತು. ಮೇಷ್ಟ್ರಿಗೆ ಉತ್ಸಾಹ ಎಷ್ಟೇರಿತೆಂದರೆ ಚಪ್ಪಲಿ ಕಳೆದದ್ದು ಮಾರನೆಯ ದಿನ ತಿಳಿಯಿತು.

ಎಮ್ಮೆಮಡು ಬಂಡೆಯ ನೆರಳಿನಲ್ಲಿ ಕಪ್ಪಗೆ ತುಂಬಿ ನಿಂತಿತ್ತು. ಮೀನುಮರಿಗಳನ್ನು ಬಿಟ್ಟು, ತೆಪ್ಪವನ್ನು ನೀರಿಗಿಳಿಸಿದರು. ಅನಸೂಯ ಕಾಲೆತ್ತಿದಳು.

"ತಡಿ!" ಮುನಿಸ್ವಾಮಪ್ಪನ ದನಿಯಲ್ಲಿ ಈಗ ಗೇಲಿ ಇರಲಿಲ್ಲ. "ಮೂರೂರ ದನ ಕುಡಿಯೋ ನೀರಮ್ಮ ಇದು. ಇದೂ ಬತ್ತೋದ್ರೆ ಏನ್ ಗತಿ?"

ದಡದ ಮೇಲಿನ ನಗು ನಿಂತಿತು. ದನದ ಮಾತು ಬಂದಾಗ ನಗುವವರು ಯಾರೂ ಇಲ್ಲ. ಅಕ್ಕಯ್ಯಮ್ಮ ಮಗಳ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿದಳು.

"ಮೊದ್ಲು ನಾನು. ಬತ್ತಿದ್ರೆ ನನ್ನೆಸ್ರಿಗೆ ಬತ್ಲಿ. ಬಾವ, ನಿಮ್ ಕೋಲು ನೀರಿನ ಅಂಚ್ನಾಗೆ ನೆಡಿ. ಎಷ್ಟು ಇಳೀತದೋ ನೀವೇ ನೋಡಿ."

ಬಾವ ಕೋಲು ನೆಟ್ಟ. ಆಕೆ ತೆಪ್ಪ ಹತ್ತಿ, ಬಿದಿರಿನ ಗಳದಿಂದ ನೂಕಿಕೊಂಡು ನಡುಮಡುವಿಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತಳು. ಹುಟ್ಟಿದಾಗಿನಿಂದ ದಡದಲ್ಲಿ ನಿಂತು ಗಂಗಮ್ಮನ ತೆಪ್ಪಕ್ಕೆ ಕೈಮುಗಿದವಳು ನೀರಿನ ಮೇಲೆ ಕುಳಿತದ್ದು ಅದೇ ಮೊದಲು. ದಡ ಎಷ್ಟು ಚಿಕ್ಕದಾಗಿ ಕಾಣುತ್ತದೆ ಅನ್ನಿಸಿತು, ಬಾವನಂತೂ ಹೆಬ್ಬೆರಳಷ್ಟಿದ್ದ.

ಎಲ್ಲರೂ ಕೋಲನ್ನೇ ನೋಡಿದರು. ನೀರು ಅಲುಗಲಿಲ್ಲ. ಎಮ್ಮೆಗಳು ಬಂದು ಕುಡಿದು ಹೋದವು. "ಅದು ಎಮ್ಮೆ ಲೆಕ್ಕ, ನನ್ ಲೆಕ್ಕಕ್ಕೆ ಬರ್ಕೋಬೇಡಿ!" ಎಂದು ಆಕೆ ಕೂಗಿದಳು. ಬಂಡೆಯ ಹತ್ತಿರ ಬಂದು ಮಗಳನ್ನು ಹತ್ತಿಸಿಕೊಂಡಳು, ಆಮೇಲೆ ಕನಕಳನ್ನು. ಒಬ್ಬೊಬ್ಬಳು ಹತ್ತಿದಾಗಲೂ ಕೋಲಿನ ಬುಡದಲ್ಲಿ ನೀರು ಬೆರಳಷ್ಟು ಮೇಲೇರಿತೆಂದು ಆ ಹುಡುಗಿಯರು ಇಂದಿಗೂ ವಾದಿಸುತ್ತಾರೆ. ಬೆರಳಷ್ಟಲ್ಲ, ಉಗುರಷ್ಟೇ ಎನ್ನುವವರೂ ಇದ್ದಾರೆ. ಇಳಿಯಿತೆಂದು ಹೇಳಿದವರು ಯಾರೂ ಇಲ್ಲ.

ಹೊತ್ತು ಬಂಡೆಯ ಆಚೆಗೆ ವಾಲಿತು. ಮುನಿಸ್ವಾಮಪ್ಪನ ಹೊಟ್ಟೆ ಗುಡುಗಿದ್ದಕ್ಕೆ ಮಳೆ ಬಂತೆಂದು ಇಬ್ಬರು ಕಂಬಳಿ ಹೊದ್ದರು.

"ಸಾಕು ಇಳಿಯಮ್ಮ ತಾಯಿ," ಎಂದ ಅವನು. "ಒತ್ತಾಯ್ತು."

"ಬತ್ಲಿ ಬಾವ, ಇಳೀತೀನಿ."

ಕೋದಂಡಪ್ಪ ದನದ ಮಾತು ಬಂದಾಗಿನಿಂದ ತನ್ನ ಮಗಳ ಕೈ ಬಿಗಿಯಾಗಿ ಹಿಡಿದುಕೊಂಡಿದ್ದ. ಕೋಲನ್ನು ನೋಡಿದ, ಯಜಮಾನನನ್ನು ನೋಡಿದ, ಕೈ ಬಿಟ್ಟ.

"ಓಗಮ್ಮ ಬಿರ್ರನೆ," ಎಂದ, "ಕತ್ಲಾಗೋದ್ರೊಳ್ಗೆ ಒಂದ್ಸುತ್ತು ಒಡ್ಕಂಬಾ."