ತೊಳೆದುಹಾಕಿದ ವಿಳಾಸಗಳು

ಅಪ್ಪನ ಕಂಪನಿ ಎಂದರೆ ನಾರಾಯಣಪೇಟೆಯ ನಮ್ಮ ಮನೆಯ ಮುಂದಿನ ಕೋಣೆ. ಒಂದು ಗಾದಿ, ಉದ್ದ ವೈರಿನ ಒಂದು ಹಳೆಯ ಫೋನು, ಸೀರೆ ತುಂಬಿದ ಒಂದು ಕಪಾಟು. ಮಗ್ಗಗಳು ನಮ್ಮಲ್ಲಿರಲಿಲ್ಲ. ಊರಿನಲ್ಲಿ ನಾಲ್ಕು, ಮಕ್ತಲಿನಲ್ಲಿ ಎರಡು, ಹೀಗೆ ಆರು ನೇಕಾರರ ಮನೆಗಳಿಗೆ ಬಣ್ಣ ಹಾಕಿದ ನೂಲು ಕೊಡುತ್ತಿದ್ದೆವು, ಅವರು ಸೀರೆ ನೇಯ್ದು ಕೊಡುತ್ತಿದ್ದರು. ಕೊಳ್ಳುವ ಅಂಗಡಿಗಳು ಹೆಚ್ಚಾಗಿ ಕರ್ನೂಲು, ನಂದ್ಯಾಲದ ಕಡೆಯವು. ಅಂಗಡಿಯವರ ಜೊತೆ ಮಾತಾಡುವುದು ಅಪ್ಪನ ಕೆಲಸ, ಸರಕು ಕಳಿಸುವುದು ನನ್ನದು.

ಕಳಿಸುವುದರಲ್ಲಿ ನಾನು ಕಡು ಜಿಪುಣಿ. ನಾರಾಯಣಪೇಟೆಯಿಂದ ಗದ್ವಾಲದವರೆಗೆ ಬಸ್ಸಿನ ಮೇಲೆ, ಅಲ್ಲಿಂದ ಕರ್ನೂಲಿಗೆ ಲಾರಿಯಲ್ಲಿ. ಎರಡು ಸಣ್ಣ ಗಂಟು ಒಂದು ಮಾಡಿದರೆ ಕಿರಾಯಿ ಎಷ್ಟು ಉಳಿಯುತ್ತದೆ, ಮಳೆಗಾಲದಲ್ಲಿ ಗಂಟಿನ ಬಟ್ಟೆ ನೀರು ಕುಡಿದು ಎಷ್ಟು ತೂಕ ಏರುತ್ತದೆ, ಯಾವ ವಾರ ಲಾರಿ ಅರ್ಧ ಖಾಲಿ ಹೋಗುತ್ತದೆ, ಎಲ್ಲ ನನಗೆ ಬಾಯಿಪಾಠ. ಗದ್ವಾಲದ ಲಾರಿ ಆಫೀಸಿನ ಗುಮಾಸ್ತ ನನ್ನನ್ನು ಕಂಡರೆ ಮೊದಲು ತಕ್ಕಡಿ ಒರೆಸುತ್ತಿದ್ದ.

"ಬಂದ್ರೇನ್ರೀ? ಇವತ್ತು ಎಷ್ಟು ತಾಸು ಜಗಳ ಐತಿ?" ಎನ್ನುತ್ತಿದ್ದ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಗಂಟು ಕಟ್ಟಲು ದಪ್ಪನೆಯ ಬಿಳಿ ಹತ್ತಿ ಬಟ್ಟೆ ಬಳಸುತ್ತಿದ್ದೆವು. ಒಬ್ಬೊಬ್ಬ ಅಂಗಡಿಯವರಿಗೆ ಒಂದೊಂದು ಬಟ್ಟೆ, ಮೂಲೆಯಲ್ಲಿ ಕಳಿಸುವವರೆಂದು ನಮ್ಮ ವಿಳಾಸ. ಮೊದಲ ಸಲ ಸರಕು ಕೊಂಡ ದಿನ ಅವರೇ ಅದರ ಮೇಲೆ ತಮ್ಮ ಕೈಯಾರೆ ಊರು, ಬಜಾರು, ಫೋನ್ ನಂಬರು ಬರೆಯಬೇಕು. ಅಪ್ಪ ಇಟ್ಟ ಪದ್ಧತಿ ಅದು. ಸರಕು ಬಿಚ್ಚಿಕೊಂಡ ಮೇಲೆ ಅವರು ಬಟ್ಟೆ ಮಡಚಿ ಲಾರಿಗೆ ಹಾಕುತ್ತಿದ್ದರು, ಲಾರಿಯವರು ಅದನ್ನು ಪುಕ್ಕಟೆ ತಂದುಕೊಡುತ್ತಿದ್ದರು. ಮುಂದಿನ ಸಲ ಅದೇ ಬಟ್ಟೆ, ಅದೇ ವಿಳಾಸ. ಕೆಲವು ಬಟ್ಟೆಗಳಿಗೆ ನನ್ನಷ್ಟೇ ವಯಸ್ಸಾಗಿತ್ತು.

ಆಂಧ್ರದಿಂದ ನಮ್ಮ ತೆಲಂಗಾಣ ಬೇರೆ ರಾಜ್ಯವಾಯಿತು. ನಮ್ಮೂರಲ್ಲಿ ಪಟಾಕಿ ಹೊಡೆದರು, ನಾನೂ ಸಿಹಿ ತಿಂದೆ. ಗದ್ವಾಲದಿಂದ ಬಸ್ಸಿನಲ್ಲಿ ತುಸು ಹೊತ್ತಿನ ದಾರಿಯಾದ ಕರ್ನೂಲು ಇನ್ನು ಪರರಾಜ್ಯ ಎಂದು ತಲೆಗೆ ಹೋಗಲು ನನಗೆ ಒಂದು ಚೆಕ್‌ಪೋಸ್ಟ್ ಬೇಕಾಯಿತು. ಮರುವರ್ಷ ಬೇಸಿಗೆಯಲ್ಲಿ ನಮ್ಮ ಒಂದು ಗಂಟನ್ನು ಅಲ್ಲಿ ಇಳಿಸಿದರು. ಚೀಟಿಯಲ್ಲಿ ತೆಲಂಗಾಣ ಎಂದಿತ್ತು, ಗಂಟಿನ ಬಟ್ಟೆಯ ಮೇಲೆ ಕಳಿಸಿದವರ ವಿಳಾಸದಲ್ಲಿ ಆಂಧ್ರ ಪ್ರದೇಶ ಎಂದಿತ್ತು. ಎರಡು ದಿನ ಸರಕು ಅಲ್ಲೇ ಬಿತ್ತು. ತಪ್ಪು ನಮ್ಮದೇ. ಆದರೂ ಮನೆಗೆ ಬಂದು ಬಾಯಿಗೆ ಬಂದಂತೆ ಬೈದೆ.

ಆಗ ನನಗೆ ಆ ಯೋಚನೆ ಬಂತು. ಬಟ್ಟೆಗಳನ್ನೆಲ್ಲ ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಹೊಸದಾಗಿ ಬರೆಯುವುದು. ಬೇರೆ ಯಾರಾದರೂ ಆಗಿದ್ದರೆ ಹೊಸ ಬಟ್ಟೆ ಕೊಳ್ಳುತ್ತಿದ್ದರು, ಇಲ್ಲವೇ ಒಂದು ಚೂರು ತೇಪೆ ಹಚ್ಚುತ್ತಿದ್ದರು. ನೂಲಿನ ಮನೆಯಲ್ಲಿ ಬೆಳೆದವಳಿಗೆ ಗಟ್ಟಿಯಿರುವ ಬಟ್ಟೆ ಬಿಸಾಡಲು ಕೈ ಬರುವುದಿಲ್ಲ, ಮಾಸಿದ ಬಟ್ಟೆಗೆ ತೇಪೆ ಹಚ್ಚಲು ಮನಸ್ಸು ಬರುವುದಿಲ್ಲ. ತೊಳೆಯುವುದೊಂದೇ ಗೊತ್ತು.

"ನಂಬರು ಒಂದ್ಸಲ ಪುಸ್ತಕದಾಗ ಬರ್ಕೊಳ್ಳಲೇನಪ್ಪಾ?" ಎಂದು ಕೇಳಿದೆ.

ಅಪ್ಪ ಹಣೆಗೆ ಬೆರಳಿಟ್ಟು ನಕ್ಕರು. "ಎಲ್ಲಾ ಇಲ್ಲಿ ಅದಾವ. ತೊಳಿಯವ್ವಾ ನೀನು."

ಅದು ಬಡಾಯಿಯಲ್ಲ. ಅಪ್ಪ ಪುಸ್ತಕ ನೋಡಿ ಫೋನ್ ಮಾಡಿದ್ದನ್ನು ನಾನು ಕಂಡೇ ಇಲ್ಲ. ಮೂವತ್ತೊಂದು ಬಟ್ಟೆಗಳನ್ನು ಹಿತ್ತಲ ಬಾನಿಯಲ್ಲಿ ನೆನೆಹಾಕಿದೆ. ಸಂಜೆಗೆ ಹಗ್ಗದ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದವು. ನನಗೆ ಖುಷಿಯಾಯಿತು, ಹೇಳಲು ನಾಚಿಕೆಯಾಗುತ್ತದೆ.

ಅಪ್ಪನನ್ನು ಕೇಳಿ ಬರೆಯುವುದನ್ನು ನಾಳೆ ನಾಳೆ ಎಂದು ಮುಂದೆ ಹಾಕಿದೆ. ಎಂಟನೆಯ ದಿನ ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಾ ಕುಸಿದು ಬಿದ್ದರು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಉಳಿದದ್ದು ಒಂದೇ ಸದ್ದು, "ಆ." ಹಸಿವಿಗೂ ಅದೇ, ಸಿಟ್ಟಿಗೂ ಅದೇ.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ನಮ್ಮ ವ್ಯಾಪಾರದಲ್ಲಿ ಕೊಳ್ಳುವವರು ಎಂದೂ ಮೊದಲು ಫೋನ್ ಮಾಡುವುದಿಲ್ಲ. ಮಾಡಿದರೆ ಗರಜು ತಮ್ಮದೇ ಎಂದು ಒಪ್ಪಿಕೊಂಡ ಹಾಗೆ, ಆಮೇಲೆ ರೇಟಿನಲ್ಲಿ ಬಾಯಿ ತೆರೆಯುವಂತಿಲ್ಲ. ಮಾರುವವರೇ ಮಾಡಬೇಕು. ಪ್ರತಿ ವರ್ಷ ಜ್ಯೇಷ್ಠದ ಕಾರಹುಣ್ಣಿಮೆಯ ಮರುದಿನ ಅಪ್ಪ ಮೀಸೆ ತಿದ್ದಿಕೊಂಡು ಗಾದಿಯ ಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಿದ್ದರು. ಮೊದಲು ಆರೋಗ್ಯ, ಆಮೇಲೆ ಮಕ್ಕಳು ಮರಿ, ಆಮೇಲೆ ಮಳೆ, ಎಲ್ಲಕ್ಕೂ ಕೊನೆಗೆ "ಎಷ್ಟು ಕಳಸಲಿ?" ಶ್ರಾವಣದ ಸರಕೆಲ್ಲ ಆ ನಾಲ್ಕು ದಿನದಲ್ಲಿ ಗೊತ್ತಾಗುತ್ತಿತ್ತು. ಯಾರಿಗೆ ಯಾವ ಬಣ್ಣ ಎಂದು ತಿಳಿದ ಮೇಲೆಯೇ ನೂಲಿಗೆ ಬಣ್ಣ, ಮಗ್ಗಕ್ಕೆ ಕೆಲಸ.

ಆ ವರ್ಷ ಕಾರಹುಣ್ಣಿಮೆ ಬಂತು, ಹೋಯಿತು. ಗಾದಿಯ ಮೇಲೆ ನಾನು ಕೂತಿದ್ದೆ, ಎದುರಿಗೆ ಫೋನು, ಹಿಂದೆ ಮೂವತ್ತೊಂದು ಬಿಳಿ ಬಟ್ಟೆ.

ನಾನು ಸುಮ್ಮನೆ ಕೂರಲಿಲ್ಲ. ಗದ್ವಾಲಕ್ಕೆ ಹೋಗಿ ಲಾರಿ ಆಫೀಸಿನ ರಸೀದಿ ಬುಕ್ಕುಗಳನ್ನೆಲ್ಲ ತಿರುವಿದೆ. ನಮ್ಮ ಗಂಟುಗಳನ್ನು ಯಾರ ಹೆಸರಿಗೂ ಬುಕ್ ಮಾಡಿರಲಿಲ್ಲ. ಅಪ್ಪ ಫೋನಿನಲ್ಲಿ ರಸೀದಿ ನಂಬರು ಹೇಳುತ್ತಿದ್ದರು, ಆ ನಂಬರು ತಂದವರಿಗೆ ಸರಕು ಕೊಡುವುದು, ಅಷ್ಟೇ. ಹಾಗೆ ಮಾಡಿದರೆ ಕಿರಾಯಿಯಲ್ಲಿ ಸ್ವಲ್ಪ ಉಳಿಯುತ್ತದೆ ಎಂದು ಆ ಉಪಾಯ ಹೂಡಿದವಳೂ ನಾನೇ. ಗುಮಾಸ್ತ ಈ ಸಲ ತಮಾಷೆ ಮಾಡಲಿಲ್ಲ. ಕುರ್ಚಿ ಸರಿಸಿ ಕೊಟ್ಟು ಚಹಾ ತರಿಸಿದ. ಅವನು ಮರ್ಯಾದೆ ಕೊಟ್ಟಿದ್ದು ನೋಡಿ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮನೆಗೆ ಬಂದು ಅಪ್ಪನ ಮುಂದೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆದ ಹಲಗೆ ಹಿಡಿದೆ. "ಕರ್ನೂಲಿನವರದು ತೋರಸಪ್ಪಾ, ಬೆರಳು ಇಡು ಸಾಕು." ಅಪ್ಪ ಎಡಗೈ ಎತ್ತಿ ಏಳರ ಮೇಲಿಟ್ಟರು. ಆಮೇಲೆ ಮತ್ತೆ ಏಳು. ಮತ್ತೆ ಏಳು. ಕಣ್ಣಲ್ಲಿ ನೀರು ಬಂತು, ಬೆರಳು ಅಲ್ಲೇ ಕೂತಿತು. ಅವ್ವ ನನ್ನ ಕೈಯಿಂದ ಹಲಗೆ ಕಸಿದುಕೊಂಡಳು.

"ಸಾಕು ಮಾಡು. ಅವ್ರನ್ನ ಯಾಕ ಕೊಲ್ತಿ?"

ಮಕ್ತಲಿನ ಎರಡು ಮಗ್ಗ ಆಷಾಢದ ಮೊದಲ ವಾರವೇ ನಿಂತವು. ಅವು ಅಣ್ಣತಮ್ಮಂದಿರ ಎರಡು ಮನೆ. ಅಣ್ಣನ ಹೆಂಡತಿ ಬಸ್ಸು ಹತ್ತಿ ನಮ್ಮಲ್ಲಿಗೇ ಬಂದಳು. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಿತ್ತು.

"ಅಕ್ಕಾರ, ಬರೂ ಹುಣ್ಣಿವಿ ತನಕ ನೋಡ್ತೀವ್ರಿ. ಆಮ್ಯಾಲ ಪುಣೆಕ್ಕ ಕಟ್ಟಡದ ಕೆಲಸಕ್ಕ ಹೋಗ್ತೀವಿ. ಮೇಸ್ತ್ರಿ ಬಂದು ಕೇಳಿ ಹೋಗ್ಯಾನ," ಎಂದಳು.

ಒಮ್ಮೆ ಪುಣೆಗೆ ಹೋದವರು ಮಗ್ಗಕ್ಕೆ ತಿರುಗಿ ಬಂದದ್ದನ್ನು ನಾನು ನೋಡಿಲ್ಲ.

ಮರುದಿನ ನಸುಕಿನಲ್ಲಿ ಕಪಾಟಿನಲ್ಲಿದ್ದ ಸೀರೆಗಳಲ್ಲಿ ಹನ್ನೆರಡು ಚೀಲಕ್ಕೆ ತುಂಬಿ ಹೊರಟೆ. ಮಕ್ತಲ್ ದಾಟಿ, ಜೂರಾಲ ಆಣೆಕಟ್ಟಿನ ಮೇಲೆ ಹಾದು, ಗದ್ವಾಲದಲ್ಲಿ ಬಸ್ಸು ಬದಲಿಸಿ, ಇಟಿಕ್ಯಾಲದ ಕಡೆಯಿಂದ ಹೆದ್ದಾರಿ ಹಿಡಿದೆ. ಅಪ್ಪ ತೆಗೆದುಕೊಟ್ಟ ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದೆನೇ ಹೊರತು ವಿಳಾಸ ಓದಿ ನೆನಪಿಟ್ಟವಳಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಕರ್ನೂಲಿನಲ್ಲಿ ನಮ್ಮ ಅತಿ ದೊಡ್ಡ ಗಿರಾಕಿಯನ್ನು ಅಪ್ಪ ಮಾತಿನಲ್ಲೂ ಲೆಕ್ಕದಲ್ಲೂ "ಮೂರು ಮೆಟ್ಟಿಲಿನವರು" ಎನ್ನುತ್ತಿದ್ದರು. ಅವರು ಮೂಲತಃ ರಾಯಚೂರು ಕಡೆಯವರು, ಕನ್ನಡ ಮಾತಾಡುತ್ತಾರೆ. ಅವರೊಬ್ಬರು ಸಿಕ್ಕರೆ ಎರಡು ಮಗ್ಗಕ್ಕೆ ಶ್ರಾವಣದವರೆಗೆ ಕೆಲಸ.

ಬಟ್ಟೆ ಬಜಾರಿನಲ್ಲಿ ಮೂರು ಮೆಟ್ಟಿಲಿಲ್ಲದ ಅಂಗಡಿಯೇ ಇರಲಿಲ್ಲ. ರಸ್ತೆಯ ಆ ಬದಿಯಿಂದ ಶುರು ಮಾಡಿದೆ. ಹತ್ತುವುದು, ಚೀಲ ಬಿಚ್ಚುವುದು, ತೆಲುಗಿನಲ್ಲಿ ಕೇಳುವುದು, ಅವರು ತಲೆ ಅಲ್ಲಾಡಿಸುವುದು, ಇಳಿಯುವುದು. ಒಬ್ಬ ನನ್ನನ್ನು ಮನೆ ಮನೆಗೆ ಸೀರೆ ಮಾರುವವಳೆಂದು ತಿಳಿದು ನೀರು ಕೊಟ್ಟು ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಯಾವ ಅಂಗಡಿ ಹತ್ತಿದ್ದೆ, ಯಾವುದು ಬಿಟ್ಟಿದ್ದೆ ಎಂಬುದೂ ಮರೆತುಹೋಯಿತು. ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತೆ. ಜನ ನೋಡಿಕೊಂಡು ಹೋದರು, ನೋಡಲಿ ಅನಿಸಿತು.

ಅದರ ಎದುರಿನ ಅಂಗಡಿಯಲ್ಲಿ ಒಬ್ಬ ಮುದುಕರು ಕೂತಿದ್ದರು. ಅಲ್ಲಿಗೂ ಹತ್ತಿ ಚೀಲ ಬಿಚ್ಚಿದೆ. ಅವರು ನನ್ನ ಮುಖ ನೋಡಲಿಲ್ಲ. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು, ಆಮೇಲೆ ಕನ್ನಡದಲ್ಲಿ ಕೇಳಿದರು: "ಈಗ ಯಾಕ ಬಂದೀರಿ?"

ನಾನು ಯಾರೆಂದು ಹೇಳಿದೆ.

"ಸೀರಿನೇ ಹೇಳ್ತದವ್ವಾ ನೀ ಯಾರ ಮಗಳಂತ. ನಿಮ್ಮ ರಾಜ್ಯ ಬ್ಯಾರೆ ಆತು, ನಿಮ್ಮಪ್ಪ ನಮ್ಮನ್ನ ಬಿಟ್ಟ. ಕಾರಹುಣ್ಣಿವಿ ಆದ ಮ್ಯಾಲ ಹದಿನೈದು ದಿನ ಫೋನ್ ಬಿಟ್ಟು ಎದ್ದಿಲ್ಲ ನಾ. ಊಟಾನೂ ಇಲ್ಲೇ ತರಸೀನಿ. ಇಲ್ಲಿ, ನಂದ್ಯಾಲದಾಗ, ನಿಮ್ಮ ಗಿರಾಕಿ ಎಲ್ಲಾ ಒಂದ ಮಾತು ಆಡಿಕೊಂಡು ಬ್ಯಾರೆ ಕಡಿಂದ ಸರಕು ತರಸೀವಿ, ಆ ಮನಿಗೆ ಇನ್ನ ನಾವು ಬ್ಯಾಡ ಅಂತ."

ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ನಾನು ನಿಂತಲ್ಲೇ ಎಲ್ಲ ಹೇಳಿದೆ, ಚೆಕ್‌ಪೋಸ್ಟು, ಬ್ಲೀಚಿಂಗ್ ಪುಡಿ, ಅಪ್ಪ ಬಿದ್ದದ್ದು, ಮಾತು ಹೋದದ್ದು. ಕೇಳುತ್ತಾ ಕೇಳುತ್ತಾ ಅವರು ತಲೆ ಮೇಲೆ ಕೈಹೊತ್ತು ಕೂತರು.

"ಒಂದು ಫೋನು ಮಾಡಬಹುದಿತ್ತಲ್ರಿ ಕಾಕಾರ, ನೀವು," ಎಂದೆ. ಕೇಳಬಾರದಿತ್ತು, ಬಾಯಿಂದ ಬಂದುಬಿಟ್ಟಿತು.

"ಹ್ಯಾಂಗ ಮಾಡ್ಲಿ?" ಎಂದರು. ಅವರು ನಿಜವಾಗಿಯೂ ಕೇಳುತ್ತಿದ್ದರು.

ಆಮೇಲೆ ತಮ್ಮ ಮೊಬೈಲು ತೆಗೆದು, ಎಲ್ಲಿಯೂ ನೋಡದೆ ನಮ್ಮ ಮನೆಯ ನಂಬರು ಒತ್ತಿದರು. ದನಿ ನನಗೂ ಕೇಳುವಂತೆ ಸ್ಪೀಕರ್ ಹಾಕಿ ಗಾದಿಯ ಮೇಲಿಟ್ಟರು. ಅವ್ವ ಎತ್ತಿದಳು. ಅಪ್ಪನ ಕಿವಿಗೆ ಫೋನ್ ಹಿಡಿಯಲು ಹೇಳಿದೆ.

"ಸಾಹುಕಾರ್ರ, ನಾನ್ರಿ. ಕರ್ನೂಲು. ನಾನೇ ಮಾಡೀನಿ ಫೋನು."

ಆ ಕಡೆಯಿಂದ ಬಹಳ ಹೊತ್ತು ಬರೀ ಉಸಿರು. ಆಮೇಲೆ "ಆ."

"ಹೌದ್ರಿ, ಅರಾಮ ಅದೀನಿ. ಮೊಣಕಾಲು ಒಂದು ಹಂಗೇ ಐತಿ."

"ಆ, ಆ."

"ಸೊಸಿ ಹಡದಾಳ್ರಿ. ಹೆಣ್ಣು. ಎರಡು ತಿಂಗಳಾತು."

"ಆ."

"ಮಳಿ ಎಲ್ಲೈತ್ರಿ? ಮಾಡ ಬರ್ತಾವ, ಹೋಗ್ತಾವ."

ಪ್ರತಿ ಸಲವೂ ಅವರು ಅಪ್ಪ ಮುಗಿಸುವವರೆಗೆ ಕಾಯುತ್ತಿದ್ದರು, ಆಮೇಲೆಯೇ ಉತ್ತರ. ಕೊನೆಗೆ ಅಪ್ಪ ಇನ್ನೊಂದು ಸಲ "ಆ" ಅಂದರು. ಈ ಸಲದ್ದು ಉದ್ದವಾಗಿತ್ತು, ಕೊನೆಯಲ್ಲಿ ದನಿ ಮೇಲೆದ್ದು ನಿಂತಿತು. ಏನು ಕೇಳಿದರೆಂದು ನನಗೂ ತಿಳಿಯಿತು.

ಮುದುಕರು ತಮ್ಮ ಕಪಾಟುಗಳನ್ನು ನೋಡಿದರು. ಶ್ರಾವಣಕ್ಕೆಂದು ಬೇರೆ ಕಡೆಯಿಂದ ತರಿಸಿದ ಸರಕು ಕೆಳಗಿನಿಂದ ಮಾಳಿಗೆಯವರೆಗೆ ತುಂಬಿತ್ತು. ಆಮೇಲೆ ನನ್ನನ್ನು ನೋಡಿದರು. ಕಣ್ಣೊರೆಸಿಕೊಂಡರು.

"ಈ ಸಲ ಬ್ಯಾಡ್ರಿ, ಸಾಹುಕಾರ್ರ," ಎಂದರು. "ಜಾಗಾ ಇಲ್ಲ."

ಅವ್ವ ಫೋನ್ ಇಟ್ಟಳು.

ಅವರು ಊಟ ಮಾಡಿ ಹೋಗು ಎಂದರು, ಮಾಡಲಿಲ್ಲ. ಹನ್ನೆರಡು ಸೀರೆ ಹೊತ್ತು ವಾಪಸು ಬಂದೆ. ಆ ಹುಣ್ಣಿಮೆಯ ಮರುದಿನ ಮಕ್ತಲಿನ ಎರಡೂ ಮನೆಯವರು ಪುಣೆಯ ಬಸ್ಸು ಹತ್ತಿದರು.

ದಾರಿಯುದ್ದಕ್ಕೂ ನನಗೆ ಆ ಮುದುಕರ ಮೇಲೆ ಮೈಯೆಲ್ಲ ಸಿಟ್ಟು. ಮಾತು ಹೋದ ಮನುಷ್ಯನಿಗೆ ಹತ್ತು ಸೀರೆ ಕಳಿಸಿ ಎಂದು ಒಂದು ಸುಳ್ಳು ಹೇಳಲು ಬಾಯಿ ಬರಲಿಲ್ಲವೇ ಅಂತ. ಸಂಜೆ ಮನೆ ಸೇರಿದಾಗ ಅಪ್ಪ ಗಾದಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಬಿದ್ದಾಗಿನಿಂದ ಒಳಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಫೋನ್ ಮುಗಿದ ಮೇಲೆ ಹಟ ಹಿಡಿದು ತೆವಳುತ್ತ ತಾವೇ ಇಲ್ಲಿಗೆ ಬಂದರು ಎಂದಳು ಅವ್ವ. ನಮಗೆ ಗಂಜಿ ಕುಡಿಸುವುದು ಗೊತ್ತಿತ್ತು, ಮಗ್ಗುಲು ಹೊರಳಿಸುವುದು ಗೊತ್ತಿತ್ತು. ಅಷ್ಟು ದಿನಗಳಲ್ಲಿ ಅಪ್ಪನಿಗೆ ಇಲ್ಲ ಎಂದು ನೇರವಾಗಿ ಹೇಳಿ, ಸಾಹುಕಾರರೊಡನೆ ಆಡುವಂತೆಯೇ ವ್ಯಾಪಾರದ ಮಾತಾಡಿದವರು ಅವರೊಬ್ಬರೇ.